ನಕ್ಷತ್ರಾಚ್ಛಾದನೆಯ ಸಾಕ್ಷ್ಯ: ೧೯೭೭ರ ಯುರೇನಸ್ ವೀಕ್ಷಣೆಯನ್ನು ಕುರಿತ ಒಂದು ವಿವೇಚನೆ

೧. ಪೀಠಿಕೆ

ಇತಿಹಾಸಕಾರನಿಗೂ ಖಗೋಳವಿಜ್ಞಾನಿಗೂ ಸಮಾನವಾದ ಕಷ್ಟವೊಂದುಂಟು. ತಮ್ಮ ಅಧ್ಯಯನದ ವಸ್ತುವನ್ನು ಇಬ್ಬರೂ ಕೈಯಿಂದ ಮುಟ್ಟಿ ಪರೀಕ್ಷಿಸಲಾರರು. ಒಬ್ಬನಿಗೆ ಅದು ಕಾಲದಿಂದ ದೂರವಾದದ್ದು. ಮತ್ತೊಬ್ಬನಿಗೆ ದೇಶದಿಂದ ದೂರವಾದದ್ದು. ಆದುದರಿಂದ ಇಬ್ಬರೂ ದೊರೆತ ಸಾಕ್ಷ್ಯವನ್ನು ಅವಲಂಬಿಸಿ, ಅದನ್ನು ಬೇರೆ ಸಾಕ್ಷ್ಯಗಳೊಡನೆ ತಾಳೆನೋಡಿ, ನಿರ್ಣಯಕ್ಕೆ ಬರಬೇಕಾಗುತ್ತದೆ.

ನಮ್ಮ ವಿಷಯದ ವಿದ್ಯಾರ್ಥಿಗಳಿಗೆ ಗ್ರಹಣಗಳ ಪರಿಚಯ ಹೊಸದಲ್ಲ. ಸೂರ್ಯಗ್ರಹಣ, ಚಂದ್ರಗ್ರಹಣಗಳ ಪುಣ್ಯಕಾಲದಲ್ಲಿ ಭೂಮಿಯನ್ನು ದಾನವಿತ್ತ ಉಲ್ಲೇಖಗಳು ಕರ್ಣಾಟಕದ ಶಾಸನಗಳಲ್ಲಿ ಹೇರಳವಾಗಿವೆ. ಶಾಸನದ ಕಾಲವನ್ನು ನಿಷ್ಕರ್ಷಿಸಲು ಇವು ಎಷ್ಟು ನೆರವಾಗಿವೆಯೆಂಬುದು ಫ್ಲೀಟರ ಲೇಖನಗಳಿಂದಲೂ, ೧೮೯೬ರಲ್ಲಿ ಪ್ರಕಟವಾದ ಸಿವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರ ಪಂಚಾಂಗಗ್ರಂಥದಿಂದಲೂ ವಿದಿತವಾಗಿದೆ. ಅಲ್ಲಿ ಖಗೋಳಗಣಿತವು ಇತಿಹಾಸಕ್ಕೆ ಸಹಾಯ ಮಾಡಿತು. ಪ್ರಕೃತ ಲೇಖನದಲ್ಲಿ ನಾವು ಮಾಡಹೊರಟಿರುವುದು ಇದಕ್ಕೆ ವಿಪರ್ಯಾಯವಾದ ಕಾರ್ಯ. ಖಗೋಳವಿಜ್ಞಾನದ ಇತ್ತೀಚಿನ ಇತಿಹಾಸದಲ್ಲಿಯ ಒಂದು ಘಟನೆಯನ್ನು ತೆಗೆದುಕೊಂಡು, ಸಾಕ್ಷ್ಯವಿಮರ್ಶೆಯ ನಿಯಮಗಳು ಅದಕ್ಕೆ ಹೇಗೆ ಅನ್ವಯಿಸುತ್ತವೆಯೆಂಬುದನ್ನು ನೋಡೋಣ. ಆ ಘಟನೆಯು ೧೯೭೭ನೆಯ ಇಸವಿ ಮಾರ್ಚಿ ೧೦ರಂದು ಯುರೇನಸ್ ಗ್ರಹವು ಒಂದು ಮಂದವಾದ ನಕ್ಷತ್ರದ ಮುಂದೆ ಹಾದುಹೋದದ್ದು. ಅದನ್ನು ನೋಡಿ ದಾಖಲಿಸಿದವರಲ್ಲಿ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರೂ ಇದ್ದರು. ಅವರಿಗೆ ಸಲ್ಲತಕ್ಕ ಮನ್ನಣೆ ಎಷ್ಟು, ಯಾವ ಬಗೆಯದು ಎಂಬ ಪ್ರಶ್ನೆಗೆ ನ್ಯಾಯವಾದ ಉತ್ತರವನ್ನು ಹುಡುಕುವುದು ಈ ವಿವೇಚನೆಯ ಮುಖ್ಯೋದ್ದೇಶ.

೨. ಆಚ್ಛಾದನೆಯ ಸ್ವರೂಪ

ಆಕಾಶದಲ್ಲಿ ಹತ್ತಿರದ ಕಾಯವೊಂದು ದೂರದ ಕಾಯವನ್ನು ಮರೆಮಾಡುವುದಕ್ಕೆ ಆಚ್ಛಾದನೆಯೆಂದು ಹೆಸರು. ಚಂದ್ರನು ರೋಹಿಣೀ ನಕ್ಷತ್ರವನ್ನು ಮರೆಮಾಡುವುದು ಬರಿಗಣ್ಣಿಗೆ ಕಾಣುವ ಆಚ್ಛಾದನೆಗಳಲ್ಲಿ ಪ್ರಸಿದ್ಧವಾದುದು. ಕ್ರಿ. ಶ. ೫೦೯ರಲ್ಲಿ ಅಥೆನ್ಸಿನಲ್ಲಿ ಹೀಲಿಯೊಡೋರಸನೂ, ೧೪೯೭ರಲ್ಲಿ ಬೊಲೊನ್ಯದಲ್ಲಿ ಕೊಪರ್ನಿಕಸನೂ ಇದನ್ನು ನೋಡಿ ಬರೆದಿಟ್ಟಿದ್ದಾರೆ. ನಮ್ಮ ಸಿದ್ಧಾಂತಗ್ರಂಥಗಳಲ್ಲಿ ಎರಡು ಗ್ರಹಗಳು ಒಂದನ್ನೊಂದು ಸಮೀಪಿಸುವುದನ್ನು ಗ್ರಹಯುದ್ಧವೆಂದು ಕರೆದು, ಅದನ್ನು ನಾಲ್ಕು ಬಗೆಯಾಗಿ ವಿಭಾಗಿಸಿರುವುದುಂಟು. ಒಂದರ ಬಿಂಬವು ಇನ್ನೊಂದರ ಬಿಂಬವನ್ನು ಮುಚ್ಚುವ ಬಗೆಗೆ ಅಲ್ಲಿ 'ಭೇದ'ವೆಂಬ ಹೆಸರಿದೆ.

ಚಂದ್ರನ ವಿಷಯದಲ್ಲಿ ಆಚ್ಛಾದನೆಯು ಹೊಸದೇನನ್ನೂ ತಿಳಿಸಬೇಕಾದ ಅಗತ್ಯವಿಲ್ಲ. ಚಂದ್ರನ ಆಕಾರ, ಗಾತ್ರಗಳು ಬೇರೆ ಉಪಾಯಗಳಿಂದ ತಿಳಿದಿವೆ. ಆದರೆ ಸೌರವ್ಯೂಹದ ಹೊರವಲಯದಲ್ಲಿರುವ ಕಾಯಗಳ ಮಾತು ಬೇರೆ. ಭೂಮಿಯ ಮೇಲಿನ ಸಾಮಾನ್ಯ ದೂರದರ್ಶಕಕ್ಕೆ ನಮ್ಮ ವಾಯುಮಂಡಲದ ಕಂಪನದ ದೆಸೆಯಿಂದ ಸುಮಾರು ಒಂದು ವಿಕಲೆಗಿಂತ ಸೂಕ್ಷ್ಮವಾದ ವಿವರ ಕಾಣುವುದು ಕಷ್ಟ. ಒಂದು ವಿಕಲೆಯೆಂದರೆ ಎರಡು ಕಿಲೋಮೀಟರು ದೂರದಲ್ಲಿಟ್ಟ ಒಂದು ಸೆಂಟಿಮೀಟರು ಅಗಲದ ಕಾಳು ತೋರುವಷ್ಟು ಕೋನ. ಯುರೇನಸ್ ನಮ್ಮಿಂದ ಸುಮಾರು ೨೭೦ ಕೋಟಿ ಕಿಲೋಮೀಟರು ದೂರದಲ್ಲಿರುವಾಗ ಈ ಕೋನವು ಅಲ್ಲಿ ೧೩,೦೦೦ ಕಿಲೋಮೀಟರಿಗೆ ಸಮನಾಗುತ್ತದೆ. ಹೀಗಿರುವಲ್ಲಿ ಹತ್ತು ಕಿಲೋಮೀಟರು ಅಗಲದ ಮಂದವಾದ ವಸ್ತುವನ್ನು ಅಂಥ ದೂರದರ್ಶಕದಿಂದ ನೇರವಾಗಿ ಕಾಣುವುದು ಅಸಾಧ್ಯ.

ಈ ಅಸಾಧ್ಯವನ್ನು ಆಚ್ಛಾದನೆಯು ಸಾಧ್ಯವಾಗಿಸುತ್ತದೆ. ನಕ್ಷತ್ರವು ಅತ್ಯಂತ ದೂರದಲ್ಲಿರುವುದರಿಂದ ಅದರ ಕಿರಣಗಳು ನಮ್ಮೆಡೆಗೆ ಸಮಾಂತರವಾಗಿ ಬರುತ್ತವೆ. ಅವುಗಳ ಮಾರ್ಗದಲ್ಲಿ ನಿಂತ ಕಾಯದ ನೆರಳು ಹೆಚ್ಚುಕಡಮೆ ಆ ಕಾಯದಷ್ಟೇ ಗಾತ್ರದ್ದಾಗಿ ಭೂಮಿಯ ಮೇಲೆ ಬಿದ್ದು, ಸೆಕೆಂಡಿಗೆ ಹಲವು ಕಿಲೋಮೀಟರುಗಳ ವೇಗದಿಂದ ಸರಿದುಹೋಗುತ್ತದೆ. ಒಂದೆಡೆ ನಿಂತ ವೀಕ್ಷಕನು ನಕ್ಷತ್ರವು ಮರೆಯಾದ ಕ್ಷಣವನ್ನೂ ಮರಳಿ ಕಂಡ ಕ್ಷಣವನ್ನೂ ಗುರುತಿಸಿದನೆಂದರೆ, ಆ ಅವಧಿಯನ್ನು ನೆರಳಿನ ವೇಗದಿಂದ ಗುಣಿಸಿ ಒಂದು ಉದ್ದವನ್ನು ಪಡೆಯಬಹುದು. ನೆರಳಿನ ವೇಗ ಸೆಕೆಂಡಿಗೆ ೨೦ ಕಿಲೋಮೀಟರು, ಅವಧಿ ೧೦೦ ಸೆಕೆಂಡು ಎಂದಿಟ್ಟುಕೊಂಡರೆ, ಆ ವೀಕ್ಷಕನಿದ್ದ ರೇಖೆಯಲ್ಲಿ ಕಾಯದ ಉದ್ದ ೨,೦೦೦ ಕಿಲೋಮೀಟರು. ರೇಖಾಗಣಿತದ ಭಾಷೆಯಲ್ಲಿ ಇದು ಕಾಯದ ಬಿಂಬದ ಒಂದು ಜ್ಯಾ. ಬೇರೆ ಬೇರೆ ಕಡೆ ನಿಂತ ವೀಕ್ಷಕರಿಗೆ ಬೇರೆ ಬೇರೆ ಜ್ಯಾಗಳು ದೊರೆಯುತ್ತವೆ. ಅವುಗಳನ್ನು ಒಟ್ಟಿಗೆ ಜೋಡಿಸಿದಾಗ ಬಿಂಬದ ಅಂಚು ಮೂಡುತ್ತದೆ. ನಕ್ಷತ್ರವು ಒಮ್ಮೆಲೇ ಆರದೆ ಕ್ರಮಕ್ರಮವಾಗಿ ಮಂಕಾದರೆ, ಆ ಕಾಯಕ್ಕೆ ವಾಯುಮಂಡಲವುಂಟೆಂದು ಊಹಿಸಬಹುದು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಪ್ರತಿಯೊಬ್ಬ ವೀಕ್ಷಕನ ಸಾಕ್ಷ್ಯವೂ ಒಂದೇ ಒಂದು ರೇಖೆಗೆ ಸೀಮಿತವಾದುದು. ಆ ರೇಖೆಯ ಆಚೆ ಈಚೆ ಏನಿತ್ತೆಂಬುದನ್ನು ಅವನು ಹೇಳಲಾರನು. ಮುಂದೆ ವಿವರಿಸುವ ವೃತ್ತಾಂತದ ತಿರುಳೆಲ್ಲ ಈ ಮಿತಿಯಲ್ಲಿಯೇ ಅಡಗಿದೆ.

೩. ೧೯೭೭ರ ಮಾರ್ಚಿ ೧೦

ಯುರೇನಸ್ ಗ್ರಹವು ತುಲಾರಾಶಿಯಲ್ಲಿರುವ, ತಾರಾಪಟ್ಟಿಯಲ್ಲಿ ೧೫೮೬೮೭ ಎಂಬ ಸಂಖ್ಯೆಯುಳ್ಳ ನಕ್ಷತ್ರವನ್ನು ಮರೆಮಾಡಲಿದೆಯೆಂದು ಗ್ರೀನಿಚ್ ವೀಕ್ಷಣಾಲಯದ ಗಾರ್ಡನ್ ಟೇಲರ್ ಅವರು ೧೯೭೩ರಲ್ಲಿಯೇ ಲೆಕ್ಕಹಾಕಿ ತಿಳಿಸಿದ್ದರು. ಆ ನಕ್ಷತ್ರವು ಬರಿಗಣ್ಣಿಗೆ ಕಾಣದಷ್ಟು ಮಂದವಾದುದು. ಗ್ರಹದ ವ್ಯಾಸವನ್ನು ನಿಖರವಾಗಿ ಅಳೆಯುವುದು, ಅದರ ವಾಯುಮಂಡಲದ ಮೇಲಣ ಸ್ತರಗಳ ಉಷ್ಣತೆಯನ್ನು ತಿಳಿಯುವುದು ವೀಕ್ಷಕರ ಗುರಿಯಾಗಿದ್ದಿತು. ಉಂಗುರಗಳ ಯೋಚನೆ ಯಾರಿಗೂ ಇರಲಿಲ್ಲ. ಯುರೇನಸನ್ನು ೧೭೮೧ರಲ್ಲಿ ಕಂಡುಹಿಡಿದ ವಿಲಿಯಂ ಹರ್ಷಲನು ಕೆಲವು ವರ್ಷಗಳ ತರುವಾಯ ಅದಕ್ಕೆ ಉಂಗುರವಿರಬಹುದೆಂದು ಸಂಶಯಪಟ್ಟಿದ್ದನಾದರೂ, ಮುಂದೆ ಆ ಅಭಿಪ್ರಾಯವನ್ನು ತಾನೇ ಕೈಬಿಟ್ಟಿದ್ದನು. ೧೯೭೭ರವರೆಗೆ ಉಂಗುರವುಳ್ಳ ಗ್ರಹವೆಂದರೆ ಶನಿಯೊಂದೇ ಎಂಬುದು ಎಲ್ಲರೂ ಒಪ್ಪಿದ ಮಾತಾಗಿದ್ದಿತು.

ನೆರಳು ಹಿಂದೂ ಮಹಾಸಾಗರದ ಪ್ರದೇಶವನ್ನು ಹಾಯುವುದಾಗಿ ಗಣಿತದಿಂದ ತಿಳಿದಿದ್ದುದರಿಂದ, ಸಾಗರದ ಸುತ್ತಣ ವೀಕ್ಷಣಾಲಯಗಳೆಲ್ಲ ಸಿದ್ಧವಾದುವು. ಆಸ್ಟ್ರೇಲಿಯದ ಪರ್ತ್, ದಕ್ಷಿಣ ಆಫ್ರಿಕದ ಕೇಪ್, ನಮ್ಮ ದೇಶದ ನೈನಿತಾಲ್ ಮತ್ತು ಕಾವಲೂರು ಇವುಗಳಲ್ಲಿ ಮುಖ್ಯವಾದುವು. ಇವಲ್ಲದೆ ಅಮೆರಿಕದ ಕೈಪರ್ ವಿಮಾನ ವೀಕ್ಷಣಾಲಯವೂ ಇದ್ದಿತು. ಇದು ೯೧ ಸೆಂಟಿಮೀಟರು ವ್ಯಾಸದ ದೂರದರ್ಶಕವನ್ನು ಹೊತ್ತು, ಮೋಡಗಳ ಮೇಲೆ ಸುಮಾರು ೧೨ ಕಿಲೋಮೀಟರು ಎತ್ತರದಲ್ಲಿ ಹಾರುವ ವಿಮಾನ. ಅದರಲ್ಲಿ ಕುಳಿತು ವೀಕ್ಷಿಸಿದವರು ಜೇಮ್ಸ್ ಎಲಿಯಟ್, ಎಡ್ವರ್ಡ್ ಡನ್‌ಹ್ಯಾಮ್ ಮತ್ತು ಜೆಸಿಕಾ ಮಿಂಕ್ ಅವರು.

ಗ್ರಹದ ಸ್ಥಾನದಲ್ಲಿ ಸ್ವಲ್ಪ ಅನಿಶ್ಚಿತತೆ ಇದ್ದುದರಿಂದ ವಿಮಾನದಲ್ಲಿದ್ದವರು ಆಚ್ಛಾದನೆಯ ನಿರೀಕ್ಷಿತ ಕಾಲಕ್ಕಿಂತ ಅರ್ಧಗಂಟೆಗೂ ಮುಂಚೆಯೇ ಯಂತ್ರವನ್ನು ಚಾಲೂ ಮಾಡಿದ್ದರು. ಈ ಮುನ್ನೆಚ್ಚರಿಕೆ ಫಲಿಸಿತು. ಗ್ರಹವು ಇನ್ನೂ ದೂರದಲ್ಲಿರುವಾಗಲೇ ನಕ್ಷತ್ರದ ಬೆಳಕು ಒಮ್ಮೆ ಕುಸಿದು ಮೇಲೆದ್ದಿತು. ಅನಂತರ ಮತ್ತೆ ಮತ್ತೆ, ಒಟ್ಟು ಐದು ಬಾರಿ. ಗ್ರಹವು ನಕ್ಷತ್ರವನ್ನು ಮುಚ್ಚಿ ತೆರೆದ ಮೇಲೆ ಮತ್ತೆ ಐದು ಕುಸಿತಗಳು ಕಂಡವು. ಮುದ್ರಿತವಾದ ಆಲೇಖವನ್ನು ಪರೀಕ್ಷಿಸಿದಾಗ ಗ್ರಹದ ಒಂದು ಪಾರ್ಶ್ವದ ಕುಸಿತಗಳಿಗೂ ಇನ್ನೊಂದು ಪಾರ್ಶ್ವದವಕ್ಕೂ ಹೊಂದಾಣಿಕೆ ಇರುವುದು ಗೋಚರವಾಯಿತು. ಬಿಡಿಬಿಡಿಯಾದ ಉಪಗ್ರಹಗಳು ಎರಡು ಕಡೆಯೂ ಹೀಗೆ ಜೊತೆಜೊತೆಯಾಗಿ ಬಂದು ನಿಲ್ಲುವ ಸಂಭವವಿಲ್ಲ. ಗ್ರಹವನ್ನು ಸುತ್ತುವರಿದ ಐದು ಇಕ್ಕಟ್ಟಾದ ಉಂಗುರಗಳೇ ಇದಕ್ಕೆ ಕಾರಣವೆಂದು ಅವರು ತೀರ್ಮಾನಿಸಿದರು. ಒಳಗಿನಿಂದ ಹೊರಕ್ಕೆ ಅವುಗಳಿಗೆ ಆಲ್ಫಾ, ಬೀಟಾ, ಗ್ಯಾಮಾ, ಡೆಲ್ಟಾ, ಎಪ್ಸಿಲಾನ್ ಎಂದು ಹೆಸರಾಯಿತು.

ಎಪ್ಸಿಲಾನ್ ಉಂಗುರವೊಂದು ಮಾತ್ರ ಈ ಹೊಂದಾಣಿಕೆಗೆ ಪೂರ್ತಿ ಒಗ್ಗಲಿಲ್ಲ. ಎರಡು ಪಾರ್ಶ್ವಗಳಲ್ಲಿ ಅದರ ದೂರವೂ ಅಗಲವೂ ಭಿನ್ನವಾಗಿದ್ದುವು. ಆ ಉಂಗುರವು ವೃತ್ತಾಕಾರವಾಗಿರದೆ ದೀರ್ಘವೃತ್ತವಾಗಿರುವುದೂ, ಅದರ ಅಗಲವು ಸುಮಾರು ೨೦ ಕಿಲೋಮೀಟರಿನಿಂದ ೯೬ ಕಿಲೋಮೀಟರಿನವರೆಗೆ ವ್ಯತ್ಯಾಸವಾಗುವುದೂ ಇದಕ್ಕೆ ಕಾರಣವೆಂದು ಮುಂದಿನ ಅಧ್ಯಯನಗಳಿಂದ ಸ್ಥಿರಪಟ್ಟಿತು.

೪. ಕಾವಲೂರಿನ ದಾಖಲೆ

ಕಾವಲೂರು ತಮಿಳುನಾಡಿನ ಜವ್ವಾದಿ ಬೆಟ್ಟಗಳಲ್ಲಿರುವ ವೀಕ್ಷಣಾಲಯ. ವೇಣು ಬಾಪು ಅವರ ಪ್ರಯತ್ನದಿಂದ ಸ್ಥಾಪಿತವಾದ ಈ ಕೇಂದ್ರದಲ್ಲಿ ಸುಮಾರು ಒಂದು ಮೀಟರು ವ್ಯಾಸದ ದೂರದರ್ಶಕವು ೧೯೭೨ರಲ್ಲಿ ಕೆಲಸಕ್ಕೆ ತೊಡಗಿತು. ಅದೇ ವರ್ಷದ ಜೂನ್ ೭ರಂದು ಗುರುವಿನ ಉಪಗ್ರಹವಾದ ಗ್ಯಾನಿಮೀಡ್ ಒಂದು ನಕ್ಷತ್ರವನ್ನು ಮರೆಮಾಡಿದಾಗ, ಕಾವಲೂರಿನಲ್ಲಿಯೂ ಇಂಡೊನೇಷ್ಯದ ಲೆಂಬಾಂಗಿನಲ್ಲಿಯೂ ಅದನ್ನು ವೀಕ್ಷಿಸಲಾಯಿತು. ಗ್ಯಾನಿಮೀಡಿಗೆ ತೆಳುವಾದ ವಾಯುಮಂಡಲವುಂಟೆಂದು ಭಾರತ, ಅಮೆರಿಕ ಮೊದಲಾದ ದೇಶಗಳ ವೀಕ್ಷಕರು ಕೂಡಿ ೧೯೭೩ರಲ್ಲಿ ಪ್ರಕಟಿಸಿದರು. ಆದರೆ ೧೯೭೯ರಲ್ಲಿ ವಾಯೇಜರ್ ೧ ನೌಕೆಯು ಗ್ಯಾನಿಮೀಡಿನ ಬಳಿಯಿಂದ ಇನ್ನೊಂದು ಆಚ್ಛಾದನೆಯನ್ನು ನೋಡಿದಾಗ ಅಷ್ಟು ಸಾಂದ್ರವಾದ ವಾಯುಮಂಡಲ ಅಲ್ಲಿಲ್ಲವೆಂದು ಕಂಡುಬಂದಿತು. ೧೯೯೦ರ ದಶಕದಲ್ಲಿ ಹಬಲ್ ದೂರದರ್ಶಕದಿಂದ ದೊರೆತದ್ದು ಅದಕ್ಕಿಂತ ಬಹುಪಾಲು ವಿರಳವಾದ ಆಮ್ಲಜನಕದ ಹೊದಿಕೆಯ ಸುಳಿವು ಮಾತ್ರ. ಒಂದೆರಡು ಜ್ಯಾಗಳ ಆಧಾರದಿಂದ ಸೂಕ್ಷ್ಮವಾದ ತೀರ್ಮಾನಗಳನ್ನು ಮಾಡುವುದರಲ್ಲಿಯ ಅಪಾಯಕ್ಕೆ ಇದು ನಿದರ್ಶನ.

೧೯೭೭ರ ಆಚ್ಛಾದನೆಯನ್ನು ಕಾವಲೂರಿನಲ್ಲಿ ಇದೇ ದೂರದರ್ಶಕದಿಂದ ವೀಕ್ಷಿಸಿದವರು ಜೆ. ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಅವರು. ಗ್ರಹದ ಬಿಂಬಕ್ಕೆ ಸಂಬಂಧಪಡದ ಹೊತ್ತಿನಲ್ಲಿ ನಕ್ಷತ್ರದ ಬೆಳಕು ಕೆಲವು ಸೆಕೆಂಡುಗಳ ಕಾಲ ಕುಸಿದುದು ಅವರ ಆಲೇಖದಲ್ಲಿ ಸ್ಪಷ್ಟವಾಗಿ ಮೂಡಿದ್ದಿತು. ಅವರು ಇದನ್ನು ಯುರೇನಸಿನ ಅಜ್ಞಾತವಾದ ಹೊಸ ಉಪಗ್ರಹವೆಂದು ಅರ್ಥೈಸಿದರು. ೧೯೭೭ರ ಮೇ ತಿಂಗಳಿನ 'ನೇಚರ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಮೂರು ಲೇಖನಗಳು ಒಂದರ ಹಿಂದೆ ಒಂದಾಗಿ ಅಚ್ಚಾಗಿವೆ. ಮೊದಲನೆಯದು ಎಲಿಯಟ್ ಮತ್ತು ಸಂಗಡಿಗರದು, ಎರಡನೆಯದು ಪರ್ತಿನಿಂದ ವೀಕ್ಷಿಸಿದ ಮಿಲಿಸ್ ಮತ್ತು ಸಂಗಡಿಗರದು. ಇವೆರಡರ ಶೀರ್ಷಿಕೆಗಳೂ ಉಂಗುರಗಳನ್ನು ಹೇಳುತ್ತವೆ. ಮೂರನೆಯದಾದ ಕಾವಲೂರಿನ ಲೇಖನದ ಶೀರ್ಷಿಕೆಯು ಹೊಸ ಉಪಗ್ರಹವನ್ನು ಹೇಳುತ್ತದೆ. ಒಂದೇ ರಾತ್ರಿಯ ಒಂದೇ ಘಟನೆಯನ್ನು ಕುರಿತ ಭಿನ್ನವ್ಯಾಖ್ಯೆಗಳು ಅಕ್ಕಪಕ್ಕದ ಪುಟಗಳಲ್ಲಿ ಹೀಗೆ ಉಳಿದುಬಂದಿರುವುದು ಇತಿಹಾಸಕಾರನ ಭಾಗ್ಯವೆನ್ನಬೇಕು.

ಈ ಭಿನ್ನತೆಗೆ ಕಾವಲೂರಿನವರ ಅಜಾಗರೂಕತೆಯನ್ನು ಕಾರಣವಾಗಿ ಹೇಳುವುದು ತಪ್ಪಾಗುತ್ತದೆ. ಒಂಟಿಯಾದ ಕುಸಿತವೊಂದು ಕಂಡಾಗ ಉಪಗ್ರಹವನ್ನು ಊಹಿಸುವುದೇ ಸಹಜವಾದ ಕ್ರಮ. ಇದಕ್ಕೆ ನಾಲ್ಕು ವರ್ಷಗಳ ತರುವಾಯ ನಡೆದ ಸಂಗತಿಯೊಂದನ್ನು ಹೋಲಿಸಿ ನೋಡಬಹುದು. ೧೯೮೧ರ ಮೇ ೨೪ರಂದು ನೆಪ್ಚೂನ್ ಗ್ರಹವು ಒಂದು ನಕ್ಷತ್ರದ ಸಮೀಪ ಸುಳಿದಾಗ, ರೈಟ್ಸಿಮಾ ಮತ್ತು ಸಂಗಡಿಗರಿಗೆ ಇಂಥದೇ ಒಂಟಿ ಕುಸಿತವೊಂದು ದೊರೆಯಿತು. ಅವರೂ ಅದನ್ನು ಹೊಸ ಉಪಗ್ರಹವೆಂದೇ ಸಾರಿದರು. ೧೯೮೯ರಲ್ಲಿ ವಾಯೇಜರ್ ೨ ನೌಕೆಯು ಆ ಉಪಗ್ರಹವನ್ನು ಪ್ರತ್ಯಕ್ಷವಾಗಿ ಕಂಡಿತು. ಇಂದು ಅದರ ಹೆಸರು ಲರಿಸ. ಅಂದರೆ ಒಂದೇ ಬಗೆಯ ಸಾಕ್ಷ್ಯ, ಒಂದೇ ಬಗೆಯ ತರ್ಕ ಯುರೇನಸಿನಲ್ಲಿ ತಪ್ಪಾಗಿ ನೆಪ್ಚೂನಿನಲ್ಲಿ ಸರಿಯಾಯಿತು. ಒಂಟಿಯಾದ ಸಾಕ್ಷ್ಯವು ಸುಳ್ಳಾಗಬೇಕೆಂದಿಲ್ಲ. ತನ್ನ ಅರ್ಥವನ್ನು ತಾನೇ ನಿಶ್ಚಯಿಸುವ ಶಕ್ತಿ ಮಾತ್ರ ಅದಕ್ಕಿರುವುದಿಲ್ಲ.

ಕಾವಲೂರಿನ ಆಲೇಖಕ್ಕೆ ಆ ಅರ್ಥವು ಬೇರೆ ದಾಖಲೆಗಳೊಡನೆ ತಾಳೆಯಾದಾಗ ದೊರೆಯಿತು. ಅವರು ಕಂಡ ಕುಸಿತವು ಎಪ್ಸಿಲಾನ್ ಉಂಗುರದ್ದೆಂದು ತಿಳಿದುಬಂದಿತು. ಅದೇ ವರ್ಷದ ಕೊನೆಗೆ ಭಟ್ಟಾಚಾರ್ಯ ಮತ್ತು ಬಾಪು ಅವರು ಅದೇ ಪತ್ರಿಕೆಯಲ್ಲಿ ಶನಿಯಂಥ ಉಂಗುರವ್ಯವಸ್ಥೆಯು ಯುರೇನಸಿಗೆ ಉಂಟೆಂಬ ಅರ್ಥದ ಶೀರ್ಷಿಕೆಯಿಂದ ಮತ್ತೊಂದು ಲೇಖನವನ್ನು ಪ್ರಕಟಿಸಿದರು. ವಿಮಾನದವರೂ ತಮ್ಮ ದಾಖಲೆಯನ್ನು ಮತ್ತೆ ಶೋಧಿಸಿದರು. ಒಟ್ಟು ಒಂಬತ್ತು ಉಂಗುರಗಳು ಬೆಳಕಿಗೆ ಬಂದುವು. ಹೊಸದಾಗಿ ಸೇರಿದ ನಾಲ್ಕರಲ್ಲಿ ಒಂದು ಈಟಾ. ಉಳಿದ ಮೂರಕ್ಕೆ ೪, ೫, ೬ ಎಂಬ ಸಂಖ್ಯೆಗಳೇ ಹೆಸರಾಗಿ ನಿಂತಿವೆ. ಒಂದು ಲೇಖನದಲ್ಲಿ ಕುಸಿತಗಳಿಗೆ ಕೊಟ್ಟಿದ್ದ ಕ್ರಮಸಂಖ್ಯೆಗಳು ಇವು. ಗ್ರೀಕ್ ಅಕ್ಷರಗಳೂ ಅಂಕಿಗಳೂ ಬೆರೆತ ಈ ವಿಚಿತ್ರ ನಾಮಾವಳಿಯು ಉಂಗುರಗಳು ಹಲವರ ದಾಖಲೆಗಳಿಂದ ಒಟ್ಟುಗೂಡಿದುವೆಂಬುದಕ್ಕೆ ಇಂದಿಗೂ ಕುರುಹಾಗಿದೆ.

೫. ಕಾಣದವರ ಸಾಕ್ಷ್ಯ

ಯುರೇನಸಿನ ತರುವಾಯ ಆಚ್ಛಾದನೆಯು ಹೊರವಲಯದ ಕಾಯಗಳ ಅಧ್ಯಯನಕ್ಕೆ ಪ್ರಧಾನವಾದ ಸಾಧನವಾಯಿತು. ಪ್ಲೂಟೋವಿನ ವಾಯುಮಂಡಲವು ನಿಸ್ಸಂದೇಹವಾಗಿ ಗೊತ್ತಾದುದು ೧೯೮೮ರ ಜೂನ್ ೯ರ ಆಚ್ಛಾದನೆಯಲ್ಲಿ, ನಕ್ಷತ್ರವು ಮೆಲ್ಲಮೆಲ್ಲನೆ ಮಂಕಾದುದರಿಂದ. ೨೦೧೦ರ ನವೆಂಬರ್ ೬ರಂದು ಚಿಲಿ ದೇಶದ ಎರಡು ಸ್ಥಳಗಳಿಂದ ದೊರೆತ ಜ್ಯಾಗಳು ಏರಿಸ್ ಎಂಬ ಕುಬ್ಜಗ್ರಹದ ವ್ಯಾಸವನ್ನು ಸುಮಾರು ೨,೩೨೬ ಕಿಲೋಮೀಟರೆಂದು ತೋರಿಸಿದುವು. ಅದು ಪ್ಲೂಟೋವಿಗಿಂತ ದೊಡ್ಡದೆಂಬ ಹಿಂದಿನ ಎಣಿಕೆ ಇದರಿಂದ ಸಡಿಲಿತು. ಪೂರ್ವದಲ್ಲಿ ಯಾರೂ ನಿರೀಕ್ಷಿಸದಿದ್ದ ಚಿಕ್ಕ ಕಾಯಗಳಿಗೂ ಉಂಗುರಗಳು ದೊರೆತುವು: ೨೦೧೩ರಲ್ಲಿ ಕಾರಿಕ್ಲೋವಿಗೆ, ೨೦೧೭ರಲ್ಲಿ ಹೌಮೆಯಕ್ಕೆ.

ಇವೆಲ್ಲಕ್ಕಿಂತ ನಮ್ಮ ವಿಷಯಕ್ಕೆ ಹತ್ತಿರವಾದುವು ಎರಡು ಪ್ರಸಂಗಗಳು. ೧೯೮೪ರ ಜುಲೈ ೨೨ರಂದು ಚಿಲಿಯಲ್ಲಿ ನೆಪ್ಚೂನಿನ ಸಮೀಪದ ನಕ್ಷತ್ರವು ಗ್ರಹದ ಒಂದು ಪಾರ್ಶ್ವದಲ್ಲಿ ಮಾತ್ರ ಕುಸಿದು, ಇನ್ನೊಂದು ಪಾರ್ಶ್ವದಲ್ಲಿ ಕುಸಿಯದೆ ಹೋಯಿತು. ಯುರೇನಸಿನ ನ್ಯಾಯವನ್ನು ಅನ್ವಯಿಸಿದರೆ ಇದು ಉಂಗುರವಲ್ಲವೆನ್ನಬೇಕಾಗಿತ್ತು. ಬ್ರಾಹಿಕ್, ಹಬಾರ್ಡ್ ಮುಂತಾದವರು ಇದು ಉಂಗುರದ ತುಂಡು, ಅಂದರೆ ಕಮಾನಿನಾಕಾರದ ಭಾಗವಾಗಿರಬಹುದೆಂದು ಊಹಿಸಿದರು. ೧೯೮೯ರಲ್ಲಿ ವಾಯೇಜರ್ ೨ ತೋರಿಸಿದುದೇನೆಂದರೆ, ಉಂಗುರವು ಪೂರ್ಣವಾಗಿಯೇ ಇದೆ. ಅದರ ಕೆಲವು ಭಾಗಗಳು ಮಾತ್ರ ಸಾಂದ್ರವಾಗಿದ್ದು, ಉಳಿದ ಭಾಗವು ನಕ್ಷತ್ರದ ಬೆಳಕನ್ನು ತಡೆಯಲಾರದಷ್ಟು ತೆಳುವಾಗಿದೆ. 'ಕಾಣಲಿಲ್ಲ' ಎಂಬುದನ್ನು 'ಇಲ್ಲ' ಎಂದು ಓದಬಾರದೆಂಬ ಎಚ್ಚರ ಇಲ್ಲಿ ದೊರೆಯುತ್ತದೆ. ಶಾಸನಗಳಲ್ಲಿ ಉಲ್ಲೇಖವಿಲ್ಲದ ಮಾತ್ರಕ್ಕೆ ಒಂದು ಆಚಾರವೋ ಒಂದು ಊರೋ ಇರಲೇ ಇಲ್ಲವೆಂದು ಹೇಳುವವರಿಗೂ ಈ ಎಚ್ಚರ ಸಲ್ಲುತ್ತದೆ.

ಎರಡನೆಯ ಪ್ರಸಂಗದಲ್ಲಿ ಕಾಣದಿರುವುದೇ ಸಾಕ್ಷ್ಯವಾಯಿತು. ನ್ಯೂ ಹೊರೈಜನ್ಸ್ ನೌಕೆಯು ಪ್ಲೂಟೋವನ್ನು ದಾಟಿದ ಮೇಲೆ ಭೇಟಿಕೊಡಬೇಕಾಗಿದ್ದ, ಈಗ ಅರೋಕಾತ್ ಎಂಬ ಹೆಸರುಳ್ಳ ಕಾಯವು ಸೂರ್ಯನಿಂದ ಸುಮಾರು ೬೫೦ ಕೋಟಿ ಕಿಲೋಮೀಟರು ದೂರದಲ್ಲಿದೆ. ಅದರ ಉದ್ದ ಸುಮಾರು ೩೬ ಕಿಲೋಮೀಟರು. ನಮಗೆ ಅದು ತೋರುವ ಕೋನ ಒಂದು ವಿಕಲೆಯ ಸಾವಿರದ ಒಂದು ಭಾಗದಷ್ಟು. ಇಂಥ ಕಾಯದ ನೆರಳು ಎಲ್ಲಿ ಬೀಳುವುದೆಂದು ಹೇಳಲು ನಕ್ಷತ್ರಗಳ ಸ್ಥಾನಗಳು ಅತ್ಯಂತ ನಿಖರವಾಗಿ ತಿಳಿದಿರಬೇಕು. ಐರೋಪ್ಯರು ೨೦೧೩ರಲ್ಲಿ ಹಾರಿಸಿದ ಗಾಯಾ ಉಪಗ್ರಹದ ತಾರಾಪಟ್ಟಿಯಿಂದ ಇದು ಸಾಧ್ಯವಾಯಿತು. ಹಾಗಿದ್ದರೂ ೨೦೧೭ರ ಜೂನ್ ೩ರಂದು ಆರ್ಜೆಂಟೀನ ಮತ್ತು ದಕ್ಷಿಣ ಆಫ್ರಿಕಗಳಲ್ಲಿ ಕಾದುನಿಂತ ತಂಡಗಳಿಗೆ ನೆರಳು ಸಿಕ್ಕಲಿಲ್ಲ. ಜುಲೈ ೧೭ರಂದು ಆರ್ಜೆಂಟೀನದ ಪಟಗೋನಿಯ ಪ್ರದೇಶದಲ್ಲಿ ೨೪ ದೂರದರ್ಶಕಗಳನ್ನು ಸಾಲಾಗಿ ಹೂಡಿದರು. ಕೊಮೊಡೊರೊ ರಿವಡಾವಿಯ ಪಟ್ಟಣದ ಅಧಿಕಾರಿಗಳು ಬೀದಿದೀಪಗಳನ್ನು ಆರಿಸಿ, ಹೆದ್ದಾರಿಯನ್ನು ಎರಡು ಗಂಟೆಗಳ ಕಾಲ ಮುಚ್ಚಿದರು. ಗಾಳಿ ತಡೆಯಲು ಲಾರಿಗಳನ್ನು ಅಡ್ಡ ನಿಲ್ಲಿಸಲಾಯಿತು. ಐದು ದೂರದರ್ಶಕಗಳಿಗೆ ನಕ್ಷತ್ರವು ಮಿನುಗಿ ಮರೆಯಾದುದು ಕಂಡಿತು.

ಉಳಿದವರ ಶ್ರಮ ವ್ಯರ್ಥವಾಯಿತೆಂದು ಭಾವಿಸಲಾಗದು. ಸರಿಯಾಗಿ ಕೆಲಸಮಾಡಿಯೂ ನಕ್ಷತ್ರವು ಮರೆಯಾಗದಿದ್ದ ಪ್ರತಿಯೊಂದು ದೂರದರ್ಶಕವೂ 'ಕಾಯದ ಅಂಚು ಇಲ್ಲಿಯವರೆಗೆ ಬಂದಿಲ್ಲ' ಎಂದು ಪ್ರಮಾಣ ನುಡಿಯುತ್ತದೆ. ಆ ಐದು ಜ್ಯಾಗಳಿಂದ ಅದು ಎರಡು ಉಂಡೆಗಳು ಕೂಡಿದ ಅಥವಾ ಜೊತೆಗಿರುವ ಕಾಯವೆಂಬ ಊಹೆ ಮೂಡಿತು. ೨೦೧೯ರ ಜನವರಿ ೧ರಂದು ನೌಕೆಯು ಅದರ ಪಕ್ಕದಲ್ಲಿ ಹಾದು ಚಿತ್ರಗಳನ್ನು ಕಳುಹಿಸಿದಾಗ ಎರಡು ಉಂಡೆಗಳು ಅಂಟಿಕೊಂಡ ಆಕಾರವೇ ಕಂಡಿತು. ನೆಪ್ಚೂನಿನಲ್ಲಿ ಕಾಣದಿದ್ದುದು ಪ್ರಮಾಣವಾಗಲಿಲ್ಲ, ಅರೋಕಾತಿನಲ್ಲಿ ಆಯಿತು. ಮೊದಲನೆಯ ಕಡೆ ಮರೆಮಾಡತಕ್ಕ ವಸ್ತು ಬೆಳಕನ್ನು ಬಿಟ್ಟುಕೊಡುವಷ್ಟು ತೆಳುವಾಗಿದ್ದಿತು. ಎರಡನೆಯ ಕಡೆ ಅದು ಗಟ್ಟಿಯಾದ ಕಾಯ, ಇದ್ದಲ್ಲಿ ಮರೆಮಾಡಿಯೇ ತೀರಬೇಕು. ಯಾವ ಸಾಕ್ಷಿಯ ಮೌನಕ್ಕೆ ಬೆಲೆಯುಂಟು ಎಂಬುದು, ಆ ವಸ್ತು ಅಲ್ಲಿದ್ದಿದ್ದರೆ ಆತನಿಗೆ ಅದು ಕಾಣಲೇಬೇಕಾಗಿತ್ತೆ ಎಂಬುದನ್ನು ಅವಲಂಬಿಸಿದೆ.

೬. ಉಪಸಂಹಾರ

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ಯುರೇನಸಿನ ಉಂಗುರಗಳನ್ನು ಕಂಡುಹಿಡಿದವರು ಯಾರು? ನಮ್ಮ ಜನಪ್ರಿಯ ಬರಹಗಳಲ್ಲಿ ಅವು ಕಾವಲೂರಿನಲ್ಲಿಯೇ ಪತ್ತೆಯಾದುವೆಂಬ ಮಾತು ಆಗಾಗ ಕಾಣುತ್ತದೆ. ಹೊರದೇಶಗಳ ಬರಹಗಳಲ್ಲಿ ವಿಮಾನದ ಮಾತಲ್ಲದೆ ಕಾವಲೂರಿನ ಹೆಸರು ಅಪರೂಪ. ಎರಡೂ ಅಪೂರ್ಣವಾದ ಕಥನಗಳು. ಮೂಲಲೇಖನಗಳನ್ನು ಎದುರಿಗಿಟ್ಟುಕೊಂಡರೆ ದಾಖಲೆ, ವ್ಯಾಖ್ಯೆ ಎಂಬ ಎರಡು ಕಾರ್ಯಗಳನ್ನು ಬೇರ್ಪಡಿಸಿ ನೋಡುವುದು ಅವಶ್ಯಕವೆಂದು ವೇದ್ಯವಾಗುತ್ತದೆ. ಉಂಗುರವೆಂಬ ವ್ಯಾಖ್ಯೆಯ ಕೀರ್ತಿ ಎಲಿಯಟ್ ಮತ್ತು ಸಂಗಡಿಗರಿಗೆ ನಿಸ್ಸಂಶಯವಾಗಿ ಸಲ್ಲಬೇಕು. ಎರಡೂ ಪಾರ್ಶ್ವಗಳ ಪೂರ್ಣ ದಾಖಲೆ ಅವರಲ್ಲಿದ್ದಿತು, ಅದರ ಹೊಂದಾಣಿಕೆಯನ್ನು ಕಂಡವರೂ ಅವರೇ. ಅದೇ ಉಂಗುರದ ನೆರಳನ್ನು ಅದೇ ರಾತ್ರಿ ಸ್ವತಂತ್ರವಾಗಿ ಹಿಡಿದು, ದಾಖಲೆಯನ್ನು ಇದ್ದುದಿದ್ದಂತೆ ಪ್ರಕಟಿಸಿ, ಬೇರೆ ಸಾಕ್ಷ್ಯ ದೊರೆತಾಗ ತಮ್ಮ ವ್ಯಾಖ್ಯೆಯನ್ನು ತಿದ್ದಿಕೊಂಡ ಗೌರವ ಕಾವಲೂರಿನವರದು. ಇದಕ್ಕಿಂತ ಹೆಚ್ಚನ್ನು ಅವರಿಗಾಗಿ ಕೇಳುವುದು ಅವರ ಪ್ರಾಮಾಣಿಕವಾದ ದಾಖಲೆಗೇ ಅಪಚಾರ. ಇದಕ್ಕಿಂತ ಕಡಮೆ ಕೊಡುವುದು ಅನ್ಯಾಯ.

ಇಕ್ಕಟ್ಟಾದ ಆ ಉಂಗುರಗಳು ಚದರಿಹೋಗದೆ ಹೇಗೆ ನಿಂತಿವೆಯೆಂಬ ಪ್ರಶ್ನೆಗೆ ೧೯೭೯ರಲ್ಲಿ ಗೋಲ್ಡ್‌ರೈಕ್ ಮತ್ತು ಟ್ರಿಮೇನ್ ಅವರು ಒಂದು ಉತ್ತರ ಕೊಟ್ಟರು: ಇಕ್ಕೆಲಗಳಲ್ಲಿ ಸುತ್ತುವ ಚಿಕ್ಕ ಉಪಗ್ರಹಗಳು, ಮಂದೆಯನ್ನು ಕಾಯುವ ಕುರುಬರಂತೆ, ಉಂಗುರದ ಕಣಗಳನ್ನು ಒಳಗೊತ್ತಿ ಹಿಡಿದಿರಬೇಕು. ೧೯೮೬ರ ಜನವರಿಯಲ್ಲಿ ವಾಯೇಜರ್ ೨ ಯುರೇನಸನ್ನು ಸಮೀಪಿಸಿದಾಗ ಎಪ್ಸಿಲಾನ್ ಉಂಗುರದ ಎರಡು ಕಡೆಗಳಲ್ಲಿಯೂ ಅಂಥ ಉಪಗ್ರಹಗಳು ಕಂಡುವು. ಅವುಗಳಿಗೆ ಕಾರ್ಡೀಲಿಯ, ಒಫೀಲಿಯ ಎಂದು ಹೆಸರಿಟ್ಟರು. ಕಾವಲೂರಿನ ಆಲೇಖದಲ್ಲಿ ಮೂಡಿದ ಕುಸಿತವು ಉಪಗ್ರಹದ್ದಾಗಿರಲಿಲ್ಲ. ಆದರೆ ಆ ಕುಸಿತವನ್ನುಂಟುಮಾಡಿದ ಉಂಗುರದ ಬದಿಯಲ್ಲಿಯೇ ಇನ್ನೂ ಯಾರಿಗೂ ಕಾಣದ ಎರಡು ಉಪಗ್ರಹಗಳು ಅಂದೂ ಸುತ್ತುತ್ತಿದ್ದುವು.